ಹೂಡುವುದು, ಬಿಚ್ಚುವುದು: ‘ಅನ್‌ಹಾರ್ನೆಸ್’ ಎಂಬ ಕ್ರಿಯಾಪದದ ಅರ್ಥ ಮತ್ತು ಪ್ರಯೋಗ



ಹಿಂದೂಪುರದ ಮಾರುಕಟ್ಟೆಗೆ ಹುಣಿಸೆಹಣ್ಣಿನ ಮೂಟೆಗಳನ್ನು ಹೇರಿಕೊಂಡ ಲಾರಿ ಬಂದು ನಿಂತಾಗ ಅಲ್ಲಿ ಕೇಳಿಬರುವ ಮಾತು ಕನ್ನಡದ್ದಾಗಿರಲಿ, ತೆಲುಗಿನದಾಗಿರಲಿ, ಅದರ ನಡುವೆ ‘ಅನ್‌ಲೋಡ್’ ಎಂಬ ಇಂಗ್ಲಿಷ್ ಪದ ಇದ್ದೇ ಇರುತ್ತದೆ. ಆ ಪದವನ್ನು ಕೇಳಿದ ಯಾರೊಬ್ಬರೂ ‘ಮೂಟೆಯನ್ನು ಹೇರಲಿಲ್ಲ’ ಎಂದು ತಿಳಿಯುವುದಿಲ್ಲ. ಹೇರಿದ್ದನ್ನು ಇಳಿಸುವುದು ಎಂದೇ ಎಲ್ಲರ ತಿಳಿವಳಿಕೆ. ಚಿಲಮತ್ತೂರಿನ ಕಡೆಯ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಈ ಪದವನ್ನು ಕಿವಿಯಲ್ಲಿ ಇಟ್ಟುಕೊಂಡಿರುತ್ತದೆ. ಹೀಗಿದ್ದರೂ ಅದೇ ಮಗುವಿಗೆ ತರಗತಿಯಲ್ಲಿ ‘ಅನ್‌ಹಾರ್ನೆಸ್’ ಎಂಬ ಪದ ಎದುರಾದರೆ ‘ಹೂಡದಿರು’, ‘ಹೂಡಲಿಲ್ಲ’ ಎಂದು ಅರ್ಥ ಬರೆಯುವ ಸಂಭವ ಹೆಚ್ಚು. ಈ ತಪ್ಪಿನ ಮೂಲ ಮಗುವಿನಲ್ಲಿಲ್ಲ. ‘ಅನ್ ಎಂದರೆ ಇಲ್ಲ’ ಎಂದು ಕಲಿಸಲಾದ ಸೂತ್ರದಲ್ಲಿದೆ.

ಆ ಸೂತ್ರ ಅರ್ಧ ಮಾತ್ರ ನಿಜ. ‘ಹ್ಯಾಪಿ–ಅನ್‌ಹ್ಯಾಪಿ’, ‘ಕೈಂಡ್–ಅನ್‌ಕೈಂಡ್’ ಮುಂತಾದ ಗುಣವಾಚಕಗಳಲ್ಲಿ ‘ಅನ್’ ಎಂಬುದು ಅಭಾವವನ್ನು ಹೇಳುತ್ತದೆ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಅನುಚಿತ, ಅನರ್ಹ, ಅನಾದರ ಎಂಬ ಪದಗಳ ಆದಿಯಲ್ಲಿರುವ ‘ಅನ್’ ಈ ಉಪಸರ್ಗದ ಒಡಹುಟ್ಟು. ಎರಡೂ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದವು. ಕನ್ನಡ ಶಿಕ್ಷಕರಿಗೆ ಈ ಸಾಮ್ಯ ಬಹಳ ಹಿಡಿಸುವಂಥದು. ಆದುದರಿಂದಲೇ ಅಪಾಯಕಾರಿಯೂ ಹೌದು. ಏಕೆಂದರೆ ಕ್ರಿಯಾಪದದ ಮುಂದೆ ನಿಲ್ಲುವ ‘ಅನ್’ ಬೇರೆಯೇ ಒಂದು ಉಪಸರ್ಗ. ಅದರ ನಂಟು ಜರ್ಮನ್ ಭಾಷೆಯ ‘ಎಂಟ್’, ಗ್ರೀಕ್ ಭಾಷೆಯ ‘ಆಂಟಿ’ ಎಂಬವುಗಳೊಡನೆ. ಜರ್ಮನ್ ಭಾಷೆಯಲ್ಲಿ ಅಭಾವದ ‘ಉನ್’, ಹಿಮ್ಮರಳಿಕೆಯ ‘ಎಂಟ್’ ಇಂದಿಗೂ ಬೇರೆ ಬೇರೆಯಾಗಿ ಉಳಿದಿವೆ. ಇಂಗ್ಲಿಷಿನಲ್ಲಿ ಅವೆರಡೂ ಸವೆದು ಒಂದೇ ರೂಪ ತಾಳಿದವು. ಹೀಗೆ ರೂಪ ಒಂದು, ಕೆಲಸ ಎರಡು.

ಎರಡನೆಯ ‘ಅನ್’ ಒಂದು ಕೆಲಸ ನಡೆಯಲಿಲ್ಲವೆಂದು ಹೇಳುವುದಿಲ್ಲ. ನಡೆದ ಕೆಲಸವನ್ನು ಹಿಂದಕ್ಕೆ ತಿರುಗಿಸಲಾಯಿತು ಎಂದು ಹೇಳುತ್ತದೆ. ಕಟ್ಟಿದ್ದನ್ನಷ್ಟೇ ಬಿಚ್ಚಬಹುದು, ಬೀಗ ಹಾಕಿದ್ದನ್ನಷ್ಟೇ ತೆರೆಯಬಹುದು. ಆದ್ದರಿಂದ ‘ಅನ್‌ಹಾರ್ನೆಸ್’ ಎಂಬ ಕ್ರಿಯೆ ನಡೆಯಬೇಕಾದರೆ ಅದಕ್ಕೆ ಮೊದಲು ಪ್ರಾಣಿಗೆ ಸಜ್ಜು ತೊಡಿಸಿರಲೇಬೇಕು. ‘ಮೊದಲು ಏನಾಗಿತ್ತು?’ ಎಂಬ ಒಂದೇ ಪ್ರಶ್ನೆಯನ್ನು ತರಗತಿಯಲ್ಲಿ ರೂಢಿಸಿದರೆ ಈ ವರ್ಗದ ಕ್ರಿಯಾಪದಗಳಲ್ಲಿ ಮುಕ್ಕಾಲು ಪಾಲು ಗೊಂದಲ ಅಲ್ಲಿಗೇ ಅಳಿಯುತ್ತದೆ.

ಇನ್ನು ‘ಹಾರ್ನೆಸ್’ ಎಂಬ ನಾಮಪದ. ಅದು ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದಾಗ ಯುದ್ಧಸಾಮಗ್ರಿ, ಯೋಧನ ಕವಚ ಎಂಬ ಅರ್ಥಗಳೂ ಅದಕ್ಕಿದ್ದವು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಲ್ಲಿ ಅದು ಕವಚವೆಂಬ ಅರ್ಥದಲ್ಲೇ ಬಂದಿದೆ. ಇಂದು ಉಳಿದಿರುವ ಮುಖ್ಯ ಅರ್ಥ, ಬಂಡಿಯನ್ನೋ ನೇಗಿಲನ್ನೋ ಎಳೆಯುವ ಪ್ರಾಣಿಯ ಮೈಮೇಲೆ ತೊಡಿಸುವ ಪಟ್ಟಿ, ಹಗ್ಗ, ಬಕಲುಗಳ ಒಟ್ಟು ಸಜ್ಜು. ಜಟಕಾ ಕುದುರೆಯನ್ನು ನೆನೆದರೆ ಸಾಕು: ಬಾಯಲ್ಲಿ ಕಡಿವಾಣ, ಕಣ್ಣ ಪಕ್ಕದಲ್ಲಿ ಮರೆ, ಎದೆಯ ಮೇಲೆ ಪಟ್ಟಿ, ಬೆನ್ನ ಮೇಲೆ ಮೆತ್ತೆ, ಅಲ್ಲಿಂದ ಗಾಡಿಯವನ ಕೈವರೆಗೆ ಲಗಾಮು. ಇವೆಲ್ಲ ಸೇರಿ ಒಂದು ‘ಹಾರ್ನೆಸ್’. ಪ್ರಾಣಿಯ ಬಲವನ್ನು ಎಳೆತವನ್ನಾಗಿ ಮಾರ್ಪಡಿಸುವುದೇ ಅದರ ಉದ್ದೇಶ.

ಈ ಉದ್ದೇಶವನ್ನು ಮನಗಾಣಿಸಲು ಸಮೀಪದಲ್ಲೇ ಒಂದು ಸಾಧನವಿದೆ. ಲೇಪಾಕ್ಷಿಯ ಏಕಶಿಲಾ ನಂದಿಯನ್ನು ಕಾಣದ ಮಗು ಈ ಸೀಮೆಯಲ್ಲಿ ವಿರಳ. ವಿಜಯನಗರದ ಅಚ್ಯುತರಾಯನ ಕಾಲದ ಆ ಕ್ಷೇತ್ರದಲ್ಲಿ ಕನ್ನಡ ಶಾಸನಗಳೂ ಇರುವುದರಿಂದ ಕನ್ನಡ ಶಾಲೆಗಳ ಪ್ರವಾಸಕ್ಕೆ ಅದು ಹೇಗೂ ತಕ್ಕ ಸ್ಥಳ. ನಂದಿಯ ಕೊರಳಲ್ಲಿ ಗಂಟೆಗಳ ಸರವಿದೆ, ಆಭರಣಗಳಿವೆ. ‘ಇವುಗಳನ್ನು ತೆಗೆಯುವುದಕ್ಕೆ ಅನ್‌ಹಾರ್ನೆಸ್ ಎನ್ನಬಹುದೇ?’ ಎಂದು ಕೇಳಿದರೆ ಮಕ್ಕಳು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಎನ್ನಲಾಗದು. ಅವು ಅಲಂಕಾರ, ಸಜ್ಜಲ್ಲ. ಅವುಗಳಿಂದ ಏನನ್ನೂ ಎಳೆಯಲಾಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡುವಂತಿಲ್ಲ. ಪದಕೋಶಗಳನ್ನು ತಿರುವಿ ‘ಅನ್‌ಹಾರ್ನೆಸ್ ಎಂದರೆ ನೊಗ ಬಿಚ್ಚು’ ಎಂದು ಕಪ್ಪುಹಲಗೆಯ ಮೇಲೆ ಬರೆದುಬಿಡುವುದು ಸುಲಭ. ಆದರೆ ಇಂಗ್ಲಿಷಿನವರು ಎತ್ತಿನ ವಿಷಯದಲ್ಲಿ ಸಾಮಾನ್ಯವಾಗಿ ಈ ಪದವನ್ನು ಬಳಸುವುದಿಲ್ಲ. ಎತ್ತಿಗೆ ಇರುವುದು ನೊಗ. ಅದನ್ನು ಇಳಿಸುವುದಕ್ಕೆ ‘ಅನ್‌ಯೋಕ್’ ಎಂಬ ಪದವಿದೆ. ಪಟ್ಟಿಗಳ ಸಜ್ಜನ್ನು ಕಳಚುವ ‘ಅನ್‌ಹಾರ್ನೆಸ್’ ಕುದುರೆಗೆ, ಹೇಸರಗತ್ತೆಗೆ, ಹಿಮದ ನಾಡುಗಳಲ್ಲಿ ಜಾರುಬಂಡಿ ಎಳೆಯುವ ನಾಯಿಗೆ ಸಲ್ಲುತ್ತದೆ. ಎತ್ತಿನ ಮೂಲಕ ಅರ್ಥವನ್ನು ತಿಳಿಸುವುದು ಸರಿ, ತಿಳಿಸಲೇಬೇಕು ಕೂಡ. ತಿಳಿಸಿದ ಮೇಲೆ ‘ಎತ್ತಿಗೆ ಅನ್‌ಯೋಕ್, ಕುದುರೆಗೆ ಅನ್‌ಹಾರ್ನೆಸ್’ ಎಂಬ ಗೆರೆಯನ್ನು ಎಳೆಯಬೇಕು. ಜೀನನ್ನು ಮಾತ್ರ ತೆಗೆದರೆ ‘ಅನ್‌ಸ್ಯಾಡಲ್’. ಟ್ರ್ಯಾಕ್ಟರಿನಿಂದ ಟ್ರೇಲರ್ ಕಳಚಿದರೆ ‘ಅನ್‌ಹಿಚ್’; ಕೊಡಿಕೊಂಡ ಚೆಕ್‌ಪೋಸ್ಟಿನ ಹೆದ್ದಾರಿಯನ್ನು ದಿನವೂ ಕಾಣುವ ಮಕ್ಕಳಿಗೆ ಇದನ್ನು ವಿವರಿಸುವ ಶ್ರಮವೇ ಬೇಡ. ನಾಯಿಯ ಕೊರಳ ಹಗ್ಗವನ್ನು ಬಿಟ್ಟರೆ ‘ಅನ್‌ಲೀಷ್’. ಮನುಷ್ಯನಿಗೂ ‘ಹಾರ್ನೆಸ್’ ಉಂಟು: ಗೋಪುರ ಹತ್ತುವ ಕೆಲಸಗಾರ, ಬಂಡೆ ಏರುವವನು, ಧುಮುಕುಕೊಡೆ ತೊಟ್ಟವನು ಕಟ್ಟಿಕೊಳ್ಳುವ ಪಟ್ಟಿಗಳಿಗೂ ಅದೇ ಹೆಸರು. ನಮ್ಮ ಕಡೆ ಅದಕ್ಕೆ ‘ಸೇಫ್ಟಿ ಬೆಲ್ಟ್’ ಎಂದೇ ರೂಢಿ. ಅದನ್ನು ಅವನು ಕಳಚಿಕೊಂಡಾಗ ‘ಅನ್‌ಹಾರ್ನೆಸ್ಡ್ ಹಿಮ್‌ಸೆಲ್ಫ್’ ಎಂದು ಬರೆಯಬಹುದು.

ಪ್ರಯೋಗದಲ್ಲಿ ಮುಖ್ಯವಾದುದು ಕರ್ಮಪದ. ಕನ್ನಡದಲ್ಲಿ ‘ನೊಗ ಬಿಚ್ಚಿದ’, ‘ಎತ್ತು ಬಿಚ್ಚಿದ’, ‘ಬಂಡಿ ಬಿಚ್ಚಿದ’ ಎಂಬ ಮೂರೂ ಸಲ್ಲುತ್ತವೆ. ಉಪಕರಣ, ಪ್ರಾಣಿ, ವಾಹನ ಮೂರರಲ್ಲಿ ಯಾವುದನ್ನು ಕರ್ಮಸ್ಥಾನದಲ್ಲಿಟ್ಟರೂ ಕೇಳುವವನಿಗೆ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಈ ಸಡಿಲತೆ ಇಲ್ಲ. ‘ಅನ್‌ಹಾರ್ನೆಸ್’ ಎಂಬುದರ ಕರ್ಮ ಪ್ರಾಣಿಯೇ ಆಗಬೇಕು. ‘ಹಿ ಅನ್‌ಹಾರ್ನೆಸ್ಡ್ ದ ಹಾರ್ಸ್’ ಸರಿ. ‘ಹಿ ಅನ್‌ಹಾರ್ನೆಸ್ಡ್ ದ ರೋಪ್’ ತಪ್ಪು. ಹಗ್ಗವನ್ನು ಹೇಳಬೇಕಾದರೆ ‘ಅನ್‌ಟೈ’ ಬೇಕು. ಯಾವುದರಿಂದ ಬಿಡಿಸಿದ್ದು ಎಂದು ಹೇಳಲು ‘ಫ್ರಮ್ ದ ಕಾರ್ಟ್’ ಎಂದು ಸೇರಿಸಬಹುದು. ಕನ್ನಡದ ಪಂಚಮಿಯ ‘ಗಾಡಿಯಿಂದ’ ಎಂಬ ರೂಪಕ್ಕೆ ಅದು ಸರಿಹೊಂದುತ್ತದೆ. ಸಜ್ಜಿನ ಯಾವ ಭಾಗವನ್ನು ಮೊದಲು ಬಿಚ್ಚಿದರೂ ಒಟ್ಟು ಕೆಲಸಕ್ಕೆ ಈ ಒಂದೇ ಪದ ಸಾಕು.

ರೂಪಗಳಲ್ಲಿ ತೊಡಕಿಲ್ಲ. ಕೊನೆಯಲ್ಲಿ ಎರಡು ಸಕಾರಗಳಿರುವುದರಿಂದ ಪ್ರಥಮಪುರುಷ ಏಕವಚನದಲ್ಲಿ ‘ಅನ್‌ಹಾರ್ನೆಸಸ್’ ಎಂದು ಒಂದು ಸ್ವರ ಹೆಚ್ಚುತ್ತದೆ. ಭೂತಕಾಲದ ರೂಪ ಬರಹದಲ್ಲಿ ಡಕಾರದಿಂದ ಮುಗಿದರೂ ಉಚ್ಚಾರದಲ್ಲಿ ‘ಅನ್‌ಹಾರ್ನೆಸ್ಟ್’ ಎಂಬಂತೆ ಕೇಳುತ್ತದೆ. ಒತ್ತು ‘ಹಾರ್’ ಎಂಬಲ್ಲಿ ಬೀಳಬೇಕು. ಆಡುಮಾತಿನಲ್ಲಿ ಹಕಾರ ಸವೆದ ಮನೆಗಳಿಂದ ಬರುವ ಮಕ್ಕಳು ‘ಅನಾರ್ನೆಸ್’ ಎನ್ನುವುದುಂಟು. ಉಕ್ತಲೇಖನದಲ್ಲಿ ಆ ಅಕ್ಷರವೇ ಬಿಟ್ಟುಹೋಗುತ್ತದೆ. ‘ಹಾರ್ನೆಸ್’ ಎಂಬುದನ್ನು ಮೊದಲು ಒಂಟಿಯಾಗಿ ನಾಲ್ಕಾರು ಬಾರಿ ಹೇಳಿಸಿ ಆಮೇಲೆ ‘ಅನ್’ ಜೋಡಿಸುವುದು ಒಳ್ಳೆಯದು.

ಈಗ ಕನ್ನಡದ ಕಡೆಗೆ ತಿರುಗಬೇಕು. ಹಿಮ್ಮರಳಿಕೆಯನ್ನು ಹೇಳುವ ಒಂದೇ ಉಪಸರ್ಗ ಕನ್ನಡಕ್ಕಿಲ್ಲ. ಇದನ್ನು ಕೊರತೆಯೆಂದು ಭಾವಿಸುವ ಶಿಕ್ಷಕರುಂಟು. ಆದರೆ ಇಂಗ್ಲಿಷಿನ ಒಂದು ‘ಅನ್’ ಇರುವ ಕಡೆಗಳಲ್ಲಿ ಕನ್ನಡ ಏನು ಮಾಡುತ್ತದೆಂದು ನೋಡಬೇಕು. ಗಂಟನ್ನು ಬಿಚ್ಚುತ್ತದೆ, ಬೀಗವನ್ನು ತೆಗೆಯುತ್ತದೆ, ಮಡಿಕೆಯನ್ನು ಬಿಡಿಸುತ್ತದೆ, ಮುಸುಕನ್ನು ಸರಿಸುತ್ತದೆ, ಮೂಟೆಯನ್ನು ಇಳಿಸುತ್ತದೆ, ಕವಚವನ್ನು ಕಳಚುತ್ತದೆ, ಸುರುಳಿಯನ್ನು ಬಿಚ್ಚಿ ಹಾಸುತ್ತದೆ. ಕೈ ಹೇಗೆ ಚಲಿಸುತ್ತದೆಯೋ ಹಾಗೆ ಪದ. ಇಂಗ್ಲಿಷ್ ‘ಮಾಡಿದ್ದನ್ನು ಹಿಂತಿರುಗಿಸು’ ಎಂದಷ್ಟೇ ಹೇಳಿ ಸುಮ್ಮನಾಗುವಲ್ಲಿ ಕನ್ನಡ ಬೆರಳಿನ ಚಲನೆಯನ್ನು ಹೆಸರಿಸುತ್ತದೆ. ಹೀಗಾಗಿ ‘ಅನ್‌ಹಾರ್ನೆಸ್’ ಎಂಬುದಕ್ಕೆ ಒಂದೇ ಕನ್ನಡ ಪದವನ್ನು ಕಂಠಪಾಠ ಮಾಡಿಸುವುದರಲ್ಲಿ ಅರ್ಥವಿಲ್ಲ. ವಾಕ್ಯವನ್ನು ನೋಡಿ ಬಿಚ್ಚು, ಬಿಡು, ಕಳಚು, ಇಳಿಸು ಎಂಬವುಗಳಲ್ಲಿ ತಕ್ಕುದನ್ನು ಆರಿಸಲು ಬಿಡಬೇಕು.

ಹೂಡುವ ಕಡೆ ಮಾತ್ರ ಕನ್ನಡದಲ್ಲಿ ಒಂದೇ ಬಲವಾದ ಧಾತುವಿದೆ. ಹಳಗನ್ನಡದ ‘ಪೂಡು’ ಹೊಸಗನ್ನಡದಲ್ಲಿ ‘ಹೂಡು’ ಆಯಿತು. ತೆಲುಗಿನ ‘ಪೂನು’, ತಮಿಳಿನ ‘ಪೂಟ್ಟು’ ಅದರ ಸಂಬಂಧಿಗಳು. ಹಾಲು–ಪಾಲು, ಹುಲಿ–ಪುಲಿ, ಹಾವು–ಪಾಮು ಎಂಬ ಜೋಡಿಗಳನ್ನು ಬೀದಿಯಲ್ಲಿ ದಿನವೂ ಕೇಳುವ ಗಡಿನಾಡಿನ ಮಗುವಿಗೆ ಕನ್ನಡದ ಹಕಾರ ತೆಲುಗಿನ ಪಕಾರಕ್ಕೆ ಸಂವಾದಿಯೆಂದು ತೋರಿಸಲು ಇದು ಒಳ್ಳೆಯ ಸಂದರ್ಭ. ಬಿಡುವ ಕಡೆಯಲ್ಲೂ ಹಾಗೆಯೇ: ಕನ್ನಡದ ‘ಬಿಡು’, ತೆಲುಗಿನ ‘ವಿಡು’. ಬೆಂಗಳೂರಿನ ಮಗುವಿಗೆ ಪುಸ್ತಕದಿಂದ ತಿಳಿಯಬೇಕಾದುದು ಚಿಲಮತ್ತೂರಿನ ಮಗುವಿಗೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ತಿಳಿದಿರುತ್ತದೆ.

‘ಹೂಡು’ ಎಂಬುದರ ಅರ್ಥವ್ಯಾಪ್ತಿ ದೊಡ್ಡದು. ಬಾಣ ಹೂಡುತ್ತಾರೆ, ಬಂಡವಾಳ ಹೂಡುತ್ತಾರೆ, ದಾವೆ ಹೂಡುತ್ತಾರೆ, ಸಂಚು ಹೂಡುತ್ತಾರೆ. ಆದರೆ ಹೂಡಿದ ಇವೆಲ್ಲವನ್ನೂ ಒಂದೇ ಪದದಿಂದ ಹಿಮ್ಮರಳಿಸಲಾಗದು: ಬಾಣವನ್ನು ಇಳಿಸಬೇಕು, ಬಂಡವಾಳವನ್ನು ಹಿಂತೆಗೆಯಬೇಕು, ದಾವೆಯನ್ನು ಹಿಂದಕ್ಕೆ ಪಡೆಯಬೇಕು; ಸಂಚನ್ನು ಬಯಲಿಗೆಳೆಯಬೇಕು, ಅದು ಬೇರೆಯವರ ಕೆಲಸ. ಇಂಗ್ಲಿಷಿನ ‘ಹಾರ್ನೆಸ್’ ಕೂಡ ಹೀಗೆಯೇ ಹಬ್ಬಿದೆ. ರಾಮಗಿರಿಯ ಬೆಟ್ಟಗಳ ಮೇಲಿನ ಗಾಳಿಯಂತ್ರಗಳು ಗಾಳಿಯನ್ನು ‘ಹಾರ್ನೆಸ್’ ಮಾಡುತ್ತವೆ, ಅಂದರೆ ದುಡಿಸಿಕೊಳ್ಳುತ್ತವೆ. ಹಾಗೆಂದು ಯಂತ್ರ ನಿಂತ ದಿನ ಗಾಳಿಯನ್ನು ‘ಅನ್‌ಹಾರ್ನೆಸ್’ ಮಾಡಲಾಯಿತೆಂದು ಯಾರೂ ಬರೆಯುವುದಿಲ್ಲ. ಮೂಲಪದ ಲಾಕ್ಷಣಿಕವಾಗಿ ಎಷ್ಟೇ ದೂರ ಹೋಗಿರಲಿ, ಅದರ ವಿರುದ್ಧಪದ ಬಹುಮಟ್ಟಿಗೆ ಲಾಯದ ಬಾಗಿಲಲ್ಲೇ ಉಳಿದಿದೆ.

‘ಬಿಡು’ ಎಂಬುದರ ಅನೇಕಾರ್ಥವನ್ನೂ ತರಗತಿಯಲ್ಲಿ ಎಚ್ಚರದಿಂದ ಬಳಸಬೇಕು. ‘ಬಸ್ಸು ಬಿಟ್ಟಿತು’ ಎಂದರೆ ಹೊರಟಿತು. ‘ಆರು ಬಿಟ್ಟರು’ ಎಂದರೆ ಉಳುಮೆ ನಿಲ್ಲಿಸಿ ಎತ್ತುಗಳನ್ನು ಬಿಚ್ಚಿದರು. ಒಂದೇ ಪದದಲ್ಲಿ ಹೊರಡುವುದೂ ಉಂಟು, ನಿಲ್ಲುವುದೂ ಉಂಟು. ‘ಶಾಲೆ ಬಿಟ್ಟಿತು’ ಎಂದರೆ ಮಕ್ಕಳಿಗೆ ಸಂತೋಷ. ‘ಶಾಲೆ ಬಿಟ್ಟ’ ಎಂದರೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆ. ಅದಕ್ಕಾಗಿ ಮನೆಯ ಒಂದು ಚಿಕ್ಕ ಸಂಭಾಷಣೆಯಿಂದ ಪಾಠವನ್ನು ಆರಂಭಿಸಬಹುದು:

‘ತಾತ, ಎತ್ತು ಬಿಚ್ಚಿದ್ಯಾ?’
‘ಆಗಲೇ ಬಿಚ್ಚಿ ನೀರು ಕುಡಿಸಿದೆ ಕಣಪ್ಪ.’
‘ನೊಗ ಎಲ್ಲಿಟ್ಟೆ?’
‘ಗಾಡಿ ಮೇಲೇ ಐತೆ.’

ಇದರಲ್ಲಿ ಬಿಚ್ಚಿದ್ದು ಯಾರನ್ನು, ಯಾವುದರಿಂದ, ಅದಕ್ಕೆ ಮೊದಲು ಏನಾಗಿತ್ತು ಎಂದು ಕೇಳಿದರೆ ಇಂಗ್ಲಿಷ್ ವಾಕ್ಯದ ಎಲ್ಲ ಅಂಗಗಳೂ ಮಕ್ಕಳ ಬಾಯಿಂದಲೇ ಹೊರಬರುತ್ತವೆ.

ಸಜ್ಜು ಕಳಚುವುದರ ಹಿಂದೆ ಒಂದು ಕರುಣೆಯಿದೆ ಎಂಬುದನ್ನು ತೋರಿಸಲು ಮಹಾಭಾರತದ ದ್ರೋಣಪರ್ವಕ್ಕಿಂತ ಉತ್ತಮ ಪ್ರಸಂಗ ಸಿಗಲಾರದು. ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲಬೇಕೆಂಬ ಪ್ರತಿಜ್ಞೆ ಅರ್ಜುನನ ತಲೆಯ ಮೇಲಿದೆ. ಒಂದೊಂದು ಗಳಿಗೆಯೂ ಅಮೂಲ್ಯವಾದ ಆ ಹೊತ್ತಿನಲ್ಲಿ ಕುದುರೆಗಳು ಬಾಣಗಳಿಂದ ನೊಂದು, ಬಾಯಾರಿ ಬಳಲುತ್ತವೆ. ಅರ್ಜುನ ರಥದಿಂದಿಳಿದು ನೆಲದ ಮೇಲೆ ನಿಂತು ಶತ್ರುಗಳನ್ನು ತಡೆಯುತ್ತಾನೆ. ಬಾಣದಿಂದ ನೆಲವನ್ನು ಭೇದಿಸಿ ಕೊಳವನ್ನು ನಿರ್ಮಿಸುತ್ತಾನೆ. ಕೃಷ್ಣ ರಣರಂಗದ ನಡುವೆಯೇ ಕುದುರೆಗಳನ್ನು ಬಿಚ್ಚಿ, ನಾಟಿದ ಬಾಣಗಳನ್ನು ತನ್ನ ಕೈಯಿಂದ ಕಿತ್ತು, ಮೈಯುಜ್ಜಿ, ನೀರು ಕುಡಿಸಿ, ಅವುಗಳ ದಣಿವಾರಿದ ಮೇಲೆ ಮತ್ತೆ ಹೂಡುತ್ತಾನೆ. ಸಾರಥಿಯಾದವನು ಎಂಥವನಿರಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಡ. ಮಕ್ಕಳು ಈ ಕಥೆಯನ್ನು ಕನ್ನಡದಲ್ಲಿ ಹೇಳಿದ ಮೇಲೆ ಅದನ್ನು ಇಂಗ್ಲಿಷಿನ ನಾಲ್ಕು ಸರಳ ವಾಕ್ಯಗಳಿಗೆ ಇಳಿಸಲು ಕೊಡಬಹುದು: ಬಿಚ್ಚಿದ, ಕಿತ್ತ, ಕುಡಿಸಿದ, ಮತ್ತೆ ಹೂಡಿದ. ಮೊದಲನೆಯದು ‘ಅನ್‌ಹಾರ್ನೆಸ್ಡ್’, ಕೊನೆಯದು ‘ಹಾರ್ನೆಸ್ಡ್ ಅಗೇನ್’. ಎರಡು ಪದಗಳ ನಡುವೆ ನೀರು ಕುಡಿಯುವ ಕುದುರೆಗಳು ನಿಂತಿರುವುದರಿಂದ ಯಾವ ಮಗುವೂ ಮೊದಲನೆಯದಕ್ಕೆ ‘ಹೂಡಲಿಲ್ಲ’ ಎಂದು ಅರ್ಥ ಬರೆಯಲಾರದು.

ಆದರೂ ಒಂದು ಎಡೆಯಲ್ಲಿ ಗೊಂದಲ ಉಳಿದೇ ಉಳಿಯುತ್ತದೆ. ‘ಅನ್‌ಹಾರ್ನೆಸ್ಡ್’ ಎಂಬ ರೂಪ ಗುಣವಾಚಕವಾಗಿ ನಾಮಪದದ ಮುಂದೆ ನಿಂತಾಗ ಎರಡೂ ‘ಅನ್’ಗಳಿಗೆ ಅಲ್ಲಿ ಜಾಗವಿರುತ್ತದೆ. ‘ಅನ್‌ಹಾರ್ನೆಸ್ಡ್ ಹಾರ್ಸ್’ ಎಂದರೆ ಸಜ್ಜು ಕಳಚಿದ ಕುದುರೆಯೂ ಆಗಬಹುದು, ಸಜ್ಜು ತೊಡಿಸದ ಕುದುರೆಯೂ ಆಗಬಹುದು. ‘ಅನ್‌ಹಾರ್ನೆಸ್ಡ್ ಪವರ್’ ಎಂದಾಗಲಂತೂ ಇನ್ನೂ ದುಡಿಸಿಕೊಳ್ಳದ ಶಕ್ತಿ ಎಂಬುದೇ ಅರ್ಥ. ಅಲ್ಲಿ ಬಿಚ್ಚುವ ಮಾತಿಲ್ಲ. ಇಂಗ್ಲಿಷ್ ಓದುಗನು ಸಂದರ್ಭವನ್ನು ನೋಡಿ ನಿರ್ಧರಿಸಬೇಕಾದುದನ್ನು ಕನ್ನಡ ‘ಬಿಚ್ಚಿದ’, ‘ಹೂಡದ’ ಎಂಬ ಎರಡು ಕೃದಂತಗಳಿಂದ ಮೊದಲೇ ಬೇರ್ಪಡಿಸಿಡುತ್ತದೆ. ಮೇಲಿನ ತರಗತಿಗಳಲ್ಲಿ ಈ ದ್ವಂದ್ವವನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಕನ್ನಡಕ್ಕೆ ಅನುವಾದ ಮಾಡಿಸಿದರೆ ಬೇಗ ಹಿಡಿತಕ್ಕೆ ಬರುತ್ತದೆ.

ಅಭ್ಯಾಸಪುಟಗಳಲ್ಲಿ ‘ವಿರುದ್ಧಪದ ಬರೆಯಿರಿ’ ಎಂಬ ಒಂದೇ ಶಿರೋನಾಮೆಯ ಕೆಳಗೆ ‘ಅನ್‌ಹ್ಯಾಪಿ’, ‘ಅನ್‌ಟೈ’, ‘ಅನ್‌ಹಾರ್ನೆಸ್’ ಎಲ್ಲವನ್ನೂ ಸಾಲಾಗಿ ಜೋಡಿಸುವ ಪದ್ಧತಿ ಬಹುದಿನಗಳಿಂದ ಇದೆ. ಮೇಲೆ ಹೇಳಿದ ತಪ್ಪು ಬೇರೂರುವುದು ಅಲ್ಲಿಯೇ. ಶಿಕ್ಷಕರು ಕಪ್ಪುಹಲಗೆಯ ಮೇಲೆ ಅದನ್ನು ಎರಡು ಸಾಲುಗಳಾಗಿ ಒಡೆದು ‘ಇಲ್ಲ’, ‘ಹಿಂದಕ್ಕೆ’ ಎಂದು ತಲೆಬರಹ ಕೊಟ್ಟರೆ ಐದು ನಿಮಿಷದ ಕೆಲಸ.

ಮೌಲ್ಯಮಾಪನದ ಬಗ್ಗೆಯೂ ಒಂದು ಮಾತು. ಗಡಿಯ ಮಗು ಉತ್ತರಪತ್ರಿಕೆಯಲ್ಲಿ ‘ಎತ್ತುಗಳನ್ನು ಇಪ್ಪಿದರು’ ಎಂದು ಬರೆಯಬಹುದು. ತೆಲುಗಿನ ‘ವಿಪ್ಪು’ ಆಡುಮಾತಿನಲ್ಲಿ ‘ಇಪ್ಪು’ ಆಗಿ, ಅದಕ್ಕೆ ಕನ್ನಡದ ಪ್ರತ್ಯಯ ಸೇರಿದ ರೂಪವಿದು. ಇಂಗ್ಲಿಷ್ ಪದದ ಅರ್ಥ ಆ ಮಗುವಿಗೆ ಪೂರ್ಣವಾಗಿ ತಿಳಿದಿದೆ. ಶುದ್ಧ ಕನ್ನಡದಲ್ಲಿ ‘ಹೂಡದಿರು’ ಎಂದು ಬರೆದ ಮಗುವಿಗೆ ತಿಳಿದಿಲ್ಲ. ಇಂಗ್ಲಿಷಿನ ಅಂಕ ಮೊದಲನೆಯ ಮಗುವಿಗೆ ಸಲ್ಲಬೇಕು. ‘ಬಿಚ್ಚು’ ಎಂಬ ಪದವನ್ನು ಪಕ್ಕದಲ್ಲಿ ಬರೆದುಕೊಡುವುದು ಕನ್ನಡ ಪಾಠದ ಕೆಲಸ, ಕೆಂಪು ಗೆರೆಯ ಕೆಲಸವಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ಒದಗಿಸಬೇಕೆಂದು ಹೇಳುತ್ತದೆ. ಆ ಮಾತೃಭಾಷೆ ಇಂಗ್ಲಿಷ್ ಪಿರಿಯಡ್ಡಿನ ಗಂಟೆ ಬಾರಿಸಿದೊಡನೆ ತರಗತಿಯ ಹೊರಗೆ ಹೋಗಿ ನಿಲ್ಲಬೇಕಾಗಿಲ್ಲ.

ಟ್ರ್ಯಾಕ್ಟರುಗಳು ಬಂದ ಮೇಲೆ ಈ ಪಾಠ ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲವೆಂಬುದೂ ನಿಜ. ಕಲ್ಯಾಣದುರ್ಗದ ಕಡೆಯ ಕಡಲೆಕಾಯಿ ಹೊಲಗಳಲ್ಲಿ ಕೂರಿಗೆ ಹಿಡಿದವರ ಮೊಮ್ಮಕ್ಕಳಲ್ಲಿ ನೊಗವನ್ನು ಮುಟ್ಟಿ ನೋಡದವರೂ ಇರುತ್ತಾರೆ. ಇಂಗ್ಲಿಷಿನ ‘ಅನ್‌ಹಾರ್ನೆಸ್’ ಪದಕೋಶದಲ್ಲಿ ಭದ್ರವಾಗಿದೆ. ಅದಕ್ಕೆ ಸಂವಾದಿಯಾದ ಊರಿನ ಪದಗಳು ಹಿರಿಯರ ನಾಲಿಗೆಯ ಮೇಲೆ ಮಾತ್ರ ಇವೆ. ಆದುದರಿಂದ ಈ ಪಾಠವನ್ನು ಜ್ಯೇಷ್ಠ ಮಾಸದ ಹುಣ್ಣಿಮೆಯ ಆಸುಪಾಸಿಗೆ ಇಟ್ಟುಕೊಳ್ಳುವುದು ಅನುಕೂಲ. ಆ ದಿನ ಕನ್ನಡದವರಿಗೆ ಕಾರ ಹುಣ್ಣಿಮೆ, ತೆಲುಗಿನವರಿಗೆ ಏರುವಾಕ ಪುನ್ನಮಿ. ಕಾರ ಹುಣ್ಣಿಮೆಯಲ್ಲಿ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ದುಡಿಮೆಯಿಂದ ಬಿಟ್ಟು ಮೆರೆಸುತ್ತಾರೆ. ಏರುವಾಕದಲ್ಲಿ ಪೂಜೆಯಾದ ಮೇಲೆ ಹೊಸ ಉಳುಮೆಗೆ ನಾಂದಿಯಾಗುತ್ತದೆ. ಒಂದೇ ಹುಣ್ಣಿಮೆಯಲ್ಲಿ ಒಂದು ಭಾಷೆ ಬಿಚ್ಚುತ್ತದೆ, ಇನ್ನೊಂದು ಹೂಡುತ್ತದೆ.

ಹಬ್ಬದ ರಜೆಯ ಮನೆಗೆಲಸವಾಗಿ ಪ್ರತಿ ವಿದ್ಯಾರ್ಥಿಯೂ ತಾತನನ್ನೋ ಅಜ್ಜಿಯನ್ನೋ ಕೇಳಿ ನೊಗ, ಮಿಣಿ, ಕಣ್ಣಿ, ಮೂಗುದಾರ ಮೊದಲಾದ ಉಪಕರಣಗಳ ಹೆಸರನ್ನೂ, ಒಂದೊಂದನ್ನು ತೊಡಿಸುವುದಕ್ಕೆ, ಬಿಚ್ಚುವುದಕ್ಕೆ ಹೇಳುವ ಮಾತನ್ನೂ ಬರೆದು ತರಲಿ. ಕನ್ನಡದ ಪದ ಒಂದು ಕಡೆ, ತೆಲುಗಿನ ಪದ ಅದರ ಪಕ್ಕದಲ್ಲಿ, ಹೇಳಿದ ಹಿರಿಯರ ಊರು ಕೆಳಗೆ. ಇಂಗ್ಲಿಷಿನ ಪದಕ್ಕಾಗಿ ಮೂರನೆಯ ಸಾಲನ್ನು ಖಾಲಿ ಬಿಟ್ಟಿರಬೇಕು. ಅದನ್ನು ತರಗತಿಯಲ್ಲಿ ಶಿಕ್ಷಕರೂ ಮಕ್ಕಳೂ ಕೂಡಿ ತುಂಬಬೇಕು. ಕೆಲವು ಮನೆಗಳು ಖಾಲಿಯಾಗಿಯೇ ಉಳಿದರೂ ಅಡ್ಡಿಯಿಲ್ಲ, ಮಿಣಿಯಂಥ ಪದಕ್ಕೆ ಇಂಗ್ಲಿಷಿನಲ್ಲಿ ಹಗ್ಗ ಎಂಬುದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ.